ಗಾಯ ಮುಚ್ಚುವ ಮುನ್ನ

ಇಲಿಗಳ ಗಡ್ಡೆಯೊಳಕ್ಕೆ ಒಂದೊಂದೇ ರಾಸಾಯನಿಕ ಚುಚ್ಚಿ ನೋಡುವುದು ಆ ವಿದ್ಯಾರ್ಥಿಗೆ ವಹಿಸಿದ್ದ ಕೆಲಸ. 1930ರ ದಶಕ, ಅಮೆರಿಕದ ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ. ಗಡ್ಡೆಯನ್ನು ಕೆರಳಿಸಿದರೆ ಬಿಳಿ ರಕ್ತಕಣಗಳು ಮುತ್ತಿಕೊಂಡು ಕ್ಯಾನ್ಸರನ್ನು ಹತ್ತಿಕ್ಕಬಲ್ಲವೇ ಎಂಬುದು ಪ್ರಾಣಿಶಾಸ್ತ್ರಜ್ಞ ಮೈಕೆಲ್ ಗೈಯರ್ ಅವರ ಪ್ರಯೋಗಾಲಯದ ಪ್ರಶ್ನೆಯಾಗಿತ್ತು. ಬಯಸಿದ ಉತ್ತರ ಸಿಗಲಿಲ್ಲ. ಆದರೆ ಶೇ 20ರ ಜಿಂಕ್ ಕ್ಲೋರೈಡ್ ದ್ರಾವಣ ಚುಚ್ಚಿದ ಗಡ್ಡೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಫ್ರೆಡರಿಕ್ ಮೋಹ್ಸ್ ಎಂಬ ಆ ವೈದ್ಯ ವಿದ್ಯಾರ್ಥಿಗೆ ಬೇರೆಯೇ ಒಂದು ಸಂಗತಿ ಕಂಡಿತು. ಅಂಗಾಂಶ ಸತ್ತಿತ್ತು, ಜೀವಕೋಶಗಳ ರಚನೆ ಮಾತ್ರ ಇದ್ದಂತೆಯೇ ಉಳಿದಿತ್ತು. ಕತ್ತರಿಸಿ ತೆಗೆದ ಮೇಲೆ ಅಂಗಾಂಶ ಕೆಡದಂತೆ ಲ್ಯಾಬಿನ ಫಾರ್ಮಲಿನ್ ದ್ರಾವಣ ಮಾಡುವ ಕೆಲಸ ಜೀವಂತ ಮೈಯಲ್ಲೇ ಆಗಿಹೋಗಿತ್ತು.

ಇದು ಯಾಕೆ ದೊಡ್ಡ ವಿಷಯವಾಯಿತೆಂದರೆ, ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಅಂಥ ರೋಗ. ಬಿಳಿ ಚರ್ಮದವರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದು. 1827ರಲ್ಲಿ ಡಬ್ಲಿನ್ನಿನ ವೈದ್ಯ ಆರ್ಥರ್ ಜೇಕಬ್, ಕಣ್ಣರೆಪ್ಪೆಯನ್ನೂ ಮುಖದ ಇತರ ಭಾಗಗಳನ್ನೂ ತಿನ್ನುತ್ತ ಹೋಗುವ ಹುಣ್ಣೆಂದು ಇದನ್ನು ದಾಖಲಿಸಿದ್ದರು. ಯಕೃತ್ತಿಗೋ ಶ್ವಾಸಕೋಶಕ್ಕೋ ಹರಡುವುದು ತೀರಾ ಅಪರೂಪ. ಬಿಸಿಲು ಬೀಳುವ ಮೂಗು, ರೆಪ್ಪೆ, ಕಿವಿಯ ಮೇಲೆ ಹುಟ್ಟಿ, ಹುಟ್ಟಿದ ಜಾಗದಲ್ಲೇ ವರ್ಷಗಟ್ಟಲೆ ಬೆಳೆಯುತ್ತದೆ. ಮೇಲೆ ಕಾಣುವುದು ಹೊಳೆಯುವ ಒಂದು ಸಣ್ಣ ಗಂಟು. ಅಡಿಯಲ್ಲಿ ಅದು ಗರಿಕೆಯ ಬೇರಿನಂತೆ ಎತ್ತಲೋ ಓಡಿರಬಹುದು. ಹೆಚ್ಚು ಕತ್ತರಿಸಿದರೆ ಮೂಗೇ ಹೋದೀತು, ಕಡಿಮೆ ಕತ್ತರಿಸಿದರೆ ರೋಗ ಮರಳಿ ಬಂದೀತು. ತೆಗೆದ ತುಂಡನ್ನು ಪೆಥಾಲಜಿಸ್ಟ್ ಅಲ್ಲಲ್ಲಿ ಲಂಬವಾಗಿ ಸೀಳಿ ನೋಡುವ ರೂಢಿಯ ಪರೀಕ್ಷೆಯಲ್ಲಿ ಅಂಚಿನ ಶೇ 1 ಭಾಗವೂ ಕಣ್ಣಿಗೆ ಬೀಳುವುದಿಲ್ಲ.

ಇಡೀ ಅಂಚನ್ನೇ ನೋಡಿಬಿಟ್ಟರೆ? ಮೋಹ್ಸ್ ಕೇಳಿಕೊಂಡದ್ದು ಇದನ್ನೇ. ಜಿಂಕ್ ಕ್ಲೋರೈಡಿಗೆ ಆಂಟಿಮನಿಯ ಅದಿರಿನ ಪುಡಿ, ಬ್ಲಡ್‌ರೂಟ್ ಎಂಬ ಅಮೆರಿಕದ ಗಿಡದ ಬೇರಿನ ಪುಡಿ ಬೆರೆಸಿ ಲೇಪ ಮಾಡಿದರು. 1936ರಲ್ಲಿ ಅದನ್ನು ರೋಗಿಗಳಿಗೆ ಬಳಸತೊಡಗಿದರು. ಲೇಪ ಹಚ್ಚಿ ಕಟ್ಟು ಹಾಕಬೇಕು, ಮರುದಿನ ಒಂದು ಪದರ ತೆಗೆಯಬೇಕು, ಅದರ ಅಡಿಭಾಗವನ್ನು ಸೂಕ್ಷ್ಮದರ್ಶಕದಲ್ಲಿ ಪೂರ್ತಿ ನೋಡಬೇಕು. ಕ್ಯಾನ್ಸರ್ ಉಳಿದಿರುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಅಲ್ಲಿಗಷ್ಟೇ ಮತ್ತೆ ಲೇಪ. ಹೀಗೆ ದಿನಕ್ಕೊಂದು ಪದರ. ಸತ್ತ ಅಂಗಾಂಶವಾದ್ದರಿಂದ ಕತ್ತರಿಸುವಾಗ ನೋವಿರಲಿಲ್ಲ. ಆದರೆ ಲೇಪ ಕೆಲಸ ಮಾಡುವ ಆ ರಾತ್ರಿ ಘೋರವಾಗಿರುತ್ತಿತ್ತು. 1941ರಲ್ಲಿ 440 ರೋಗಿಗಳ ವಿವರವನ್ನು ಅವರು ಪ್ರಕಟಿಸಿದರು. ವಿಧಾನಕ್ಕಿಟ್ಟ ಹೆಸರು ‘ಕೀಮೋಸರ್ಜರಿ’.

ಲೇಪವೇ ರೋಗ ವಾಸಿ ಮಾಡಿತೆಂದು ತಿಳಿದವರು ಅಂದೂ ಇದ್ದರು, ಇಂದೂ ಇದ್ದಾರೆ. ಬ್ಲಡ್‌ರೂಟ್ ಬೆರೆಸಿದ ಕಪ್ಪು ಮುಲಾಮುಗಳನ್ನು ಮನೆಮದ್ದೆಂದು ಆನ್‌ಲೈನಿನಲ್ಲಿ ಕೊಂಡು ಮೂಗು ಸುಟ್ಟುಕೊಂಡವರಿದ್ದಾರೆ. ಮೇಲೆ ಹಕ್ಕಳೆ ಕಟ್ಟಿ ಉದುರುತ್ತದೆ, ಕ್ಯಾನ್ಸರ್ ಅಡಿಯಲ್ಲಿ ಬೆಳೆಯುತ್ತಲೇ ಇರುತ್ತದೆ. ಮೋಹ್ಸ್ ಅವರ ಕಾಣ್ಕೆಯ ಜೀವಾಳ ಲೇಪವಲ್ಲ, ನಕ್ಷೆ ಮತ್ತು ಸೂಕ್ಷ್ಮದರ್ಶಕ. ಅದು ಅವರ ಕೈಯಲ್ಲೇ ಸಾಬೀತಾಯಿತು. 1953ರಲ್ಲಿ ರೆಪ್ಪೆಯ ಚಿಕಿತ್ಸೆಯೊಂದನ್ನು ಚಿತ್ರೀಕರಿಸುವಾಗ ಸಮಯ ಉಳಿಸಲೆಂದು ಲೇಪ ಬಿಟ್ಟು, ಅರಿವಳಿಕೆ ಚುಚ್ಚಿ, ಹಸಿ ಅಂಗಾಂಶವನ್ನೇ ಹೆಪ್ಪುಗಟ್ಟಿಸಿ ನೋಡಿದರು. ಕೆಲಸ ಸರಾಗವಾಗಿ ನಡೆಯಿತು. ಲೇಪವಿಲ್ಲದ ಈ ದಾರಿಯನ್ನು 1970ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಥಿಯೋಡೋರ್ ಟ್ರೊಮೊವಿಚ್ ಮತ್ತು ಸ್ಯಾಮ್ಯುಯೆಲ್ ಸ್ಟೆಗ್‌ಮನ್ ಎಲ್ಲರ ದಾರಿಯಾಗಿಸಿದರು. ದಿನಗಳ ಕೆಲಸ ಗಂಟೆಗಳಿಗೆ ಇಳಿಯಿತು.

ಈಗ ರೋಗಿ ಬೆಳಿಗ್ಗೆ ಬಂದು ಸಾಮಾನ್ಯವಾಗಿ ಅಂದೇ ಮನೆಗೆ ಹೋಗುತ್ತಾರೆ. ಮರಗಟ್ಟಿಸಿದ ಜಾಗದಿಂದ ತಟ್ಟೆಯಾಕಾರದ ತೆಳು ಪದರ ತೆಗೆದು, ದಿಕ್ಕು ತಿಳಿಯಲು ಬಣ್ಣ ಹಚ್ಚಿ, ಸುತ್ತಲಂಚು ಮತ್ತು ತಳ ಒಂದೇ ಸಮತಲಕ್ಕೆ ಬರುವಂತೆ ಅದನ್ನು ಒತ್ತಿ ಹೆಪ್ಪುಗಟ್ಟಿಸುತ್ತಾರೆ. ರೋಗಿ ತಾತ್ಕಾಲಿಕ ಕಟ್ಟಿನೊಂದಿಗೆ ಹೊರಗೆ ಕಾಯಬೇಕು. ಸ್ಲೈಡ್ ನೋಡುವವರು ಕತ್ತರಿಸಿದ ವೈದ್ಯರೇ. ಕತ್ತರಿಸಿದ ಕೈಗೂ ನೋಡುವ ಕಣ್ಣಿಗೂ ನಡುವೆ ಚೀಟಿ, ವರದಿ ಏನೂ ಇಲ್ಲದಿರುವುದೇ ಈ ವಿಧಾನದ ದೊಡ್ಡ ಬಲವೆಂದು ನಾನು ನಂಬುತ್ತೇನೆ. ಮೊದಲ ಬಾರಿ ಬಂದ ಬೇಸಲ್ ಸೆಲ್ ಗಡ್ಡೆಯಲ್ಲಿ ಐದು ವರ್ಷಗಳ ಗುಣಪ್ರಮಾಣ ಶೇ 99ರ ಸುಮಾರು.

ಇನ್ನು ಗಾಯದ ಮಾತು. ಲೇಪದ ಕಾಲದಲ್ಲಿ ಕೊನೆಯ ಸತ್ತ ಪದರ ತಾನಾಗಿ ಕಳಚುವವರೆಗೆ ಹೊಲಿಗೆ ಹಾಕುವಂತಿರಲಿಲ್ಲ. ಗಾಯ ತೆರೆದೇ ಇರುತ್ತಿತ್ತು. ಹಾಗೆ ಬಿಟ್ಟ ಗಾಯಗಳು ಎಷ್ಟೋ ಸಲ ಚೆನ್ನಾಗಿ ಕೂಡಿಕೊಂಡವು. ಕಣ್ಣಿನ ಒಳಮೂಲೆ, ಕಣತಲೆ, ಕಿವಿಯ ಕುಳಿಯಂಥ ತಗ್ಗು ಜಾಗಗಳಲ್ಲಿ ಈಗಲೂ ವೈದ್ಯರು ಬೇಕೆಂದೇ ಹೊಲಿಗೆ ಹಾಕದೆ ಬಿಡುವುದುಂಟು. ಮೂಗಿನ ತುದಿಯಲ್ಲಿ ದೊಡ್ಡ ಗಾಯವಾದರೆ ಹಣೆಯ ಚರ್ಮ ಬೇಕು. ಇಲ್ಲಿ ಕಥೆ ನಮ್ಮ ನೆಲಕ್ಕೆ ಬರುತ್ತದೆ.

1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಹತ್ತಿರ, ಇಟ್ಟಿಗೆ ಸುಡುವವರ ಜಾತಿಗೆ ಸೇರಿದ ಒಬ್ಬಾತ ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಹಣೆಯ ಮೇಲೆ ಹರಡಿ ಗೆರೆ ಎಳೆದು, ಆ ಚರ್ಮವನ್ನು ಹುಬ್ಬುಗಳ ನಡುವಿನ ತೊಟ್ಟು ಉಳಿಸಿಕೊಂಡು ಬಿಡಿಸಿ, ಕೆಳಕ್ಕೆ ತಿರುಗಿಸಿ ಕೂರಿಸಿದ. ಸುಮಾರು 25ನೇ ದಿನ ತೊಟ್ಟು ಕತ್ತರಿಸುತ್ತಿದ್ದರೆಂದು 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಅಚ್ಚು ಹಾಕಿತು. ಇದರಿಂದ ಪ್ರೇರಿತರಾದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದರು. ಹೆಸರೂ ಉಳಿಯದ ಆ ಕುಶಲಿಯ ಕ್ರಮವೇ ಇಂದಿಗೂ ಮೂಗಿನ ಕ್ಯಾನ್ಸರ್ ತೆಗೆದವರಿಗೆ ಆಸರೆ. ಸುಮಾರು ಮೂರು ವಾರ ತೊಟ್ಟಿನೊಂದಿಗೇ ಬದುಕಬೇಕು, ಕನ್ನಡಿ ನೋಡಲು ಮನಸ್ಸು ಹಿಂಜರಿಯುತ್ತದೆ. ಆ ಮೂರು ವಾರಗಳನ್ನು ಕುರಿತು ವೈದ್ಯರು ಮುಂಚೆಯೇ ಬಿಡಿಸಿ ಹೇಳಬೇಕು.

ಸಾಮಾನ್ಯ ಹೊಲಿಗೆಯಾದರೆ ಒಂದೆರಡು ದಿನ ಒತ್ತುಕಟ್ಟು, ಆಮೇಲೆ ದಿನವೂ ತೊಳೆದು ವ್ಯಾಸಲೀನ್ ಹಚ್ಚಬೇಕು. ಗಾಯ ಒಣಗಲೆಂದು ಗಾಳಿಗೆ ಬಿಡುವ ನಮ್ಮ ರೂಢಿ ಇಲ್ಲಿ ಸಲ್ಲದು, ತೇವವಿದ್ದರೆ ಬೇಗ ಕೂಡುತ್ತದೆ. ಮುಖದ ಹೊಲಿಗೆಯನ್ನು ವಾರದೊಳಗೆ ಬಿಚ್ಚುತ್ತಾರೆ. ಕಲೆ ತಿಳಿಯಾಗಲು ವರ್ಷವೂ ಹಿಡಿದೀತು. ಒಮ್ಮೆ ಬಂದವರಿಗೆ ಬೇರೆ ಕಡೆ ಹೊಸದು ಹುಟ್ಟುವ ಸಂಭವ ಹೆಚ್ಚಾದ್ದರಿಂದ ಇಡೀ ಮೈಯ ಚರ್ಮವನ್ನು ಆಗಾಗ ವೈದ್ಯರಿಗೆ ತೋರಿಸಬೇಕು. ನಮ್ಮಂಥ ಕಂದುಬಣ್ಣದವರಲ್ಲಿ ಈ ರೋಗ ಕಡಿಮೆ. ಬಂದರೆ ಹೆಚ್ಚಾಗಿ ಕಪ್ಪಾಗಿಯೇ ಇರುತ್ತದೆ, ಮಚ್ಚೆಯೆಂದು ಸುಮ್ಮನಿದ್ದುಬಿಡುತ್ತೇವೆ. ಬೆಳೆಯುವ, ಮತ್ತೆಮತ್ತೆ ಒಸರಿ ಹಕ್ಕಳೆ ಕಟ್ಟುವ ಮಚ್ಚೆಗೆ ಬಯಾಪ್ಸಿ ಬೇಕೇ ಎಂದು ಚರ್ಮವೈದ್ಯರನ್ನು ಕೇಳಿ.