ಶಾಲೆಗೆ ಪೊಲೀಸ್ ಬಂದರೆ ಹೆದರಬೇಕೆ?

ಊಟ ಮಾಡದ ಮಗುವನ್ನು ಹೆದರಿಸಲು ನಮ್ಮ ಕಾಲದಲ್ಲಿ ಮೂವರಿದ್ದರು: ಗುಮ್ಮ, ಗೋಣಿಚೀಲದವನು ಮತ್ತು ಪೊಲೀಸಪ್ಪ. ಗುಮ್ಮನನ್ನು ಕಂಡವರಿಲ್ಲ. ಗೋಣಿಚೀಲದವನು ಹಳೆ ಪೇಪರ್ ಆಯುವ ಬಡಪಾಯಿ. ಆದರೆ ಪೊಲೀಸ್ ನಿಜವಾಗಿಯೂ ಇದ್ದಾರೆ, ಒಂದು ದಿನ ಅವರ ಸಹಾಯ ಮಗುವಿಗೆ ಬೇಕಾಗಲೂಬಹುದು. "ತುತ್ತು ತಿನ್ನದಿದ್ರೆ ಪೊಲೀಸಿಗೆ ಹಿಡಿದುಕೊಡ್ತೀನಿ ನೋಡು" ಎಂಬ ಮಾತು ಕೇಳಿ ಬೆಳೆದ ಮಗು ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಅಜ್ಜಿಯ ಕೈ ತಪ್ಪಿಸಿಕೊಂಡರೆ ಏನು ಮಾಡುತ್ತದೆ? ಖಾಕಿ ಕಂಡ ಕಡೆಯಿಂದ ದೂರ ಓಡುತ್ತದೆ.

ಈ ಭಯವನ್ನು ತೆಗೆಯಲು ನಮ್ಮ ರಾಜ್ಯದ ಪೊಲೀಸರು ನಡೆಸುವ ಒಂದು ಕಾರ್ಯಕ್ರಮ ಇದೆ. ಅದರ ಹೆಸರು 'ತೆರೆದ ಮನೆ'. ಶಾಲೆಯ ಮಕ್ಕಳು ಮೇಷ್ಟ್ರ ಜೊತೆ ಪೊಲೀಸ್ ಠಾಣೆಗೆ ಹೋಗುತ್ತಾರೆ. ದೂರು ಬರೆದುಕೊಳ್ಳುವುದು ಹೇಗೆ, ವೈರ್‌ಲೆಸ್‌ನಲ್ಲಿ ಮಾತನಾಡುವುದು ಹೇಗೆ ಎಂದು ನೋಡುತ್ತಾರೆ, ಮನಸ್ಸಿಗೆ ಬಂದ ಪ್ರಶ್ನೆ ಕೇಳುತ್ತಾರೆ. ಠಾಣೆಗೆ 'ಮನೆ' ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಒಳ್ಳೆಯ ಮನಸ್ಸಿನವರೇ ಇರಬೇಕು.

ಮಕ್ಕಳು ಠಾಣೆಗೆ ಹೋಗುವುದು ಒಂದು ಬಗೆಯಾದರೆ, ಪೊಲೀಸರೇ ಶಾಲೆಗೆ ಬರುವುದು ಇನ್ನೊಂದು ಬಗೆ. ಇದಕ್ಕೆ ದಾರಿ ತೋರಿಸಿದ್ದು ನೆರೆಯ ಕೇರಳ. ಐಪಿಎಸ್ ಅಧಿಕಾರಿ ಪಿ. ವಿಜಯನ್ ಅವರ ಕಲ್ಪನೆಯಂತೆ 2010ರ ಆಗಸ್ಟ್ 2ರಂದು ಅಲ್ಲಿ 127 ಶಾಲೆಗಳಲ್ಲಿ 'ವಿದ್ಯಾರ್ಥಿ ಪೊಲೀಸ್ ಕೆಡೆಟ್' ಯೋಜನೆ ಶುರುವಾಯಿತು. ಎನ್‌ಸಿಸಿ ಹಾಗೆಯೇ ಸಮವಸ್ತ್ರ, ಕವಾಯತು ಎಲ್ಲ ಉಂಟು. ಶಾಲೆಯ ಶಿಕ್ಷಕರೇ ಇದರ ಹೊಣೆ ಹೊರುತ್ತಾರೆ, ಕವಾಯತು ಕಲಿಸಲು ಪೊಲೀಸರು ಬರುತ್ತಾರೆ.

2018ರ ಜುಲೈ 21ರಂದು ಆಗಿನ ಗೃಹ ಸಚಿವ ರಾಜನಾಥ್ ಸಿಂಗ್ ಹರಿಯಾಣದ ಗುರುಗ್ರಾಮದಲ್ಲಿ ಇದನ್ನು ಇಡೀ ದೇಶಕ್ಕೆ ವಿಸ್ತರಿಸಿದರು. ಕರ್ನಾಟಕದ ಆಯ್ದ ಪ್ರೌಢಶಾಲೆಗಳಿಗೂ ಅದು ಬಂದಿದೆ. ಇದು 8 ಮತ್ತು 9ನೇ ತರಗತಿಯವರಿಗೆ. ಮಕ್ಕಳಿಗೆ ಖುಷಿ ಕೊಡುವ ವಿಷಯ ಮೊದಲೇ ಹೇಳಿಬಿಡುತ್ತೇನೆ: ಇದಕ್ಕೆ ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ! ತಿಂಗಳಿಗೆ ಒಂದೇ ತರಗತಿ ಸಾಕು ಎಂದು ಯೋಜನೆ ಹೇಳುತ್ತದೆ. ರಸ್ತೆ ಸುರಕ್ಷತೆ, ಮಹಿಳೆಯರ ಮತ್ತು ಮಕ್ಕಳ ರಕ್ಷಣೆ, ಭ್ರಷ್ಟಾಚಾರದ ವಿರುದ್ಧ ನಿಲ್ಲುವುದು, ವಿಪತ್ತು ಬಂದಾಗ ಏನು ಮಾಡಬೇಕು ಎಂಬುದೆಲ್ಲ ಇದರಲ್ಲಿ ಬರುತ್ತದೆ. ಹಿರಿಯರಿಗೆ ಗೌರವ, ತಾಳ್ಮೆ, ಇನ್ನೊಬ್ಬರ ಕಷ್ಟ ಅರಿಯುವುದು ಕೂಡ ಪಟ್ಟಿಯಲ್ಲಿವೆ. ನಮ್ಮ ಹೊಸಕೆರೆಹಳ್ಳಿಯ ಕೆರೆಕೋಡಿ ರಸ್ತೆಯಲ್ಲಿ ಸಂಜೆ ಹೊತ್ತು ರಸ್ತೆ ದಾಟಲು ನಿಂತಿರುವ ನನ್ನಂಥ ಎಪ್ಪತ್ತು ದಾಟಿದವರಿಗೆ, ಈ ಪಾಠಗಳನ್ನು ದೊಡ್ಡವರಿಗೂ ಕಲಿಸಬಾರದೇ ಎನ್ನಿಸುತ್ತದೆ.

ದೂರದ ಅಮೆರಿಕದಲ್ಲಿ ಕ್ರಮವೇ ಬೇರೆ. ಅಲ್ಲಿ ಅನೇಕ ಪ್ರೌಢಶಾಲೆಗಳಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ಪ್ರತಿದಿನವೂ ಇರುತ್ತಾರೆ, ಸೊಂಟದಲ್ಲಿ ಪಿಸ್ತೂಲೂ ಇರುತ್ತದೆ. 1950ರ ದಶಕದಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ ಇದು ಆರಂಭವಾದಾಗ ಮಕ್ಕಳ ಜೊತೆ ಸ್ನೇಹ ಬೆಳೆಸುವುದೇ ಉದ್ದೇಶವಾಗಿತ್ತು. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ಗುಂಡಿನ ದಾಳಿ ನಡೆದ ಮೇಲೆ ಇಂಥ ಅಧಿಕಾರಿಗಳ ನೇಮಕ ಬಹಳ ಹೆಚ್ಚಾಯಿತು. ಆಗ ಇನ್ನೊಂದು ತೊಂದರೆ ಎದ್ದಿತು. ಹಿಂದೆ ಹೆಡ್‌ಮಾಸ್ಟರ ಕೋಣೆಯಲ್ಲಿ ಮುಗಿಯುತ್ತಿದ್ದ ಹುಡುಗರ ಜಗಳಗಳು ಕೆಲವೆಡೆ ಬಂಧನದವರೆಗೆ ಹೋದವು. ಕಪ್ಪು ಜನಾಂಗದ ಮಕ್ಕಳಿಗೆ ಇದರ ಬಿಸಿ ಹೆಚ್ಚು ತಟ್ಟಿತು. 2020ರಲ್ಲಿ ಮಿನಿಯಾಪೊಲಿಸ್ ನಗರದ ಶಾಲಾ ಮಂಡಳಿ ಪೊಲೀಸರ ಜೊತೆಗಿನ ಒಪ್ಪಂದವನ್ನೇ ಕೈಬಿಟ್ಟಿತು. ಅಧಿಕಾರಿ ಇದ್ದರೆ ಧೈರ್ಯ ಎನ್ನುವ ಪೋಷಕರೂ ಅಲ್ಲಿ ಬೇಕಾದಷ್ಟಿದ್ದಾರೆ. ಅಲ್ಲಿನ ವಾದ ಇನ್ನೂ ಮುಗಿದಿಲ್ಲ.

ಇದರಿಂದ ನಾವು ಕಲಿಯಬೇಕಾದ್ದು ಒಂದಿದೆ. ಶಾಲೆಗೆ ಬರುವ ಪೊಲೀಸ್ ಮೇಷ್ಟ್ರ ಹಾಗೆ ಬರಬೇಕು, ಕಾವಲುಗಾರನ ಹಾಗಲ್ಲ. ಹೋಂವರ್ಕ್ ಮಾಡದ ಹುಡುಗನನ್ನು ಹೆದರಿಸಲು ಪೊಲೀಸರನ್ನು ಕರೆಸಿದರೆ ಅದೂ ಗುಮ್ಮನ ಕಥೆಯೇ ಆಯಿತು. ಬ್ಯಾಂಕಿನಲ್ಲಿ ದುಡಿದವನಾಗಿ ನಾನು ಕಂಡಿದ್ದೇನೆ: ಕೌಂಟರಿನ ಹಿಂದೆ ಕುಳಿತವನು ಗದರಿದರೆ ಹಳ್ಳಿಯ ಅಜ್ಜಿ ಪಾಸ್‌ಬುಕ್ ತೋರಿಸಲೂ ಹಿಂಜರಿಯುತ್ತಾಳೆ. ಆಕೆಯ ಹಣ ಎಷ್ಟೇ ಭದ್ರವಾಗಿದ್ದರೂ ಪ್ರಯೋಜನವಿಲ್ಲ. ಕಾನೂನೂ ಹಾಗೆಯೇ. ಹತ್ತಿರ ಹೋಗಲು ಹೆದರುವವರಿಗೆ ಅದು ಇದ್ದೂ ಇಲ್ಲದಂತೆ.

ನಮ್ಮ ಕಾನೂನು ಮಕ್ಕಳ ವಿಷಯದಲ್ಲಿ ಎಷ್ಟು ಮೃದುವಾಗಿದೆ ಎಂಬುದು ಅಜ್ಜ ಅಜ್ಜಿಯರಿಗೂ ಗೊತ್ತಿರಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರತಿ ಠಾಣೆಯಲ್ಲೂ ಒಬ್ಬರು 'ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ' ಇರಬೇಕು, ಅವರು ಎಎಸ್‌ಐ ದರ್ಜೆಗೆ ಕಡಿಮೆಯವರಾಗಿರಬಾರದು. ತಪ್ಪು ಮಾಡಿದ ಮಗುವನ್ನೂ ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೈಕೋಳ ಹಾಕುವಂತಿಲ್ಲ. ಹಿಡಿದ ಕೂಡಲೇ ತಂದೆತಾಯಿಗೆ ತಿಳಿಸಬೇಕು, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ಇನ್ನು ಯಾರಾದರೂ ಮಗುವಿನ ಮೈ ಮುಟ್ಟಿ ಕೆಟ್ಟದಾಗಿ ನಡೆದುಕೊಂಡರೆ 2012ರ ಪೋಕ್ಸೊ ಕಾಯ್ದೆ ಇದೆ. ಆಗ ಮಗು ಠಾಣೆಗೆ ಹೋಗಬೇಕೆಂದೇ ಇಲ್ಲ. ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಹೇಳಿಕೆ ಬರೆದುಕೊಳ್ಳಬೇಕು. ಬರೆದುಕೊಳ್ಳುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಆದಷ್ಟೂ ಮಹಿಳಾ ಅಧಿಕಾರಿಯೇ ಇರಬೇಕು. ಮಗು ನಂಬುವ ದೊಡ್ಡವರು ಪಕ್ಕದಲ್ಲಿರಬೇಕು. ರಾತ್ರಿ ಹೊತ್ತು ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಎಲ್ಲ ಕಡೆಯೂ ಎಲ್ಲವೂ ಹೀಗೇ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ನಿಯಮ ತಿಳಿದಿದ್ದರೆ "ಹೀಗೇ ಆಗಬೇಕಲ್ಲವೇ ಸ್ವಾಮಿ?" ಎಂದು ವಿನಯದಿಂದ ಕೇಳಬಹುದು.

ಮಕ್ಕಳೇ, ಈ ಮೂರು ಸಂಖ್ಯೆಗಳನ್ನು ಬರೆದು ಮನೆಯ ಫ್ರಿಜ್ಜಿನ ಮೇಲೆ ಅಂಟಿಸಿ:

1098 – ಮಕ್ಕಳ ಸಹಾಯವಾಣಿ
112 – ತುರ್ತು ಸಹಾಯ
1930 – ಮೊಬೈಲು, ಇಂಟರ್‌ನೆಟ್‌ನಲ್ಲಿ ಹಣದ ಮೋಸವಾದರೆ

ಮೂರನೆಯದು ಅಜ್ಜ ಅಜ್ಜಿಗೇ ಹೆಚ್ಚು ಬೇಕಾದೀತು. ಹಣ ಹೋದ ತಕ್ಷಣ ಕರೆ ಮಾಡಿದಷ್ಟೂ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಆಗ ಅವರ ಪರವಾಗಿ ನಂಬರ್ ಒತ್ತುವವರು ನೀವೇ.

ಹಿರಿಯರಿಗೆ ಒಂದು ಮಾತು. ಮೊಮ್ಮಕ್ಕಳ ಶಾಲೆಯಲ್ಲಿ 'ತೆರೆದ ಮನೆ' ಭೇಟಿ ಏರ್ಪಡಿಸಿದ್ದಾರೆಯೇ ಎಂದು ಮುಂದಿನ ಪೋಷಕರ ಸಭೆಯಲ್ಲಿ ವಿಚಾರಿಸಿ. ಮಗು ಊಟ ಮಾಡದಿದ್ದರೆ ಚಂದಮಾಮನನ್ನು ತೋರಿಸಿ, ಕಥೆ ಹೇಳಿ. ಪೊಲೀಸಪ್ಪನನ್ನು ಆ ಕೆಲಸದಿಂದ ಬಿಡುಗಡೆ ಮಾಡೋಣ.