ಬಿಸ್ಕಿಟಿನ ಚೂರಿನಿಂದ ಹಾಲಿನ ಲೋಟದವರೆಗೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿ ಕಡೆ ಕೂಸಿಗೆ ಹಾಲು ಆಗಿಬರದಿದ್ದರೆ ಮನೆಯವರು ಮೊದಲು ಹಾಲು ಬದಲಿಸುತ್ತಾರೆ. ಆಕಳ ಹಾಲು ಕುಡಿದು ಮೈತುಂಬ ದದ್ದು ಎದ್ದರೆ ಎಮ್ಮೆ ಹಾಲು. ಅದೂ ಒಗ್ಗದಿದ್ದರೆ ಆಡಿನ ಹಾಲು. ಆಡು ಸಾಕಿದವರ ಮನೆ ಓಣಿಯಲ್ಲೇ ಇರುತ್ತದೆ, ಕೂಸಿಗೆಂದು ಕೇಳಿದರೆ ಇಲ್ಲವೆನ್ನುವವರೂ ಇಲ್ಲ. ಆದರೆ ಅಲರ್ಜಿ ಇರುವ ಕೂಸಿನ ಮೈಗೆ ಈ ಮೂರೂ ಹಾಲು ಹೆಚ್ಚುಕಡಿಮೆ ಒಂದೇ. ಆಕಳ ಹಾಲಿನ ಅಲರ್ಜಿ ಇದ್ದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಆಡಿನ ಹಾಲೂ ಆಗುವುದಿಲ್ಲ. ಎಮ್ಮೆ ಹಾಲಿನ ಪ್ರೋಟೀನುಗಳೂ ಆಕಳ ಹಾಲಿನವನ್ನೇ ಹೋಲುತ್ತವೆ. ಇಷ್ಟೆಲ್ಲ ಆದ ಮೇಲೆ ದವಾಖಾನೆಯಲ್ಲಿ ಸಿಗುವುದು ಒಂದೇ ಮಾತು: ‘ಹಾಲು ಬಿಡಿಸ್ರಿ.’

ಬಿಡಿಸುವುದು ಸರಿಯೇ. ಎಷ್ಟು ದಿನ ಬಿಡಿಸಬೇಕು, ಮತ್ತೆ ಶುರುಮಾಡುವುದು ಯಾವಾಗ, ಯಾವುದರಿಂದ ಎಂದು ಕೂತು ಹೇಳುವವರು ಸಿಗುವುದಿಲ್ಲ. ಹೀಗಾಗಿ ಎರಡು ವರ್ಷಕ್ಕೇ ಹಾಲು ತಡೆದುಕೊಳ್ಳಬಹುದಾಗಿದ್ದ ಮಗು ಐದು ತುಂಬಿದರೂ ಮಜ್ಜಿಗೆಯ ಹನಿಗೂ ಹೆದರಿಕೊಂಡೇ ಬೆಳೆಯುತ್ತದೆ. ಹೈನೇ ಬದುಕಾಗಿರುವ ನಮ್ಮ ಬೈಲಹೊಂಗಲ, ಸವದತ್ತಿ, ಕಿತ್ತೂರು, ರಾಮದುರ್ಗ ತಾಲ್ಲೂಕುಗಳಲ್ಲಿ ಇದು ಸಣ್ಣ ನಷ್ಟವಲ್ಲ.

ಈ ಅಲರ್ಜಿ ಬಹುಪಾಲು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಡೆನ್ಮಾರ್ಕಿನ ಓಡೆನ್ಸೆಯಲ್ಲಿ 1985ರಲ್ಲಿ ಹುಟ್ಟಿದ 1749 ಶಿಶುಗಳನ್ನು ವೈದ್ಯರು ಹಿಂಬಾಲಿಸಿ ನೋಡಿದರು. ಅವರಲ್ಲಿ 39 ಕೂಸುಗಳಿಗೆ ಹಾಲಿನ ತೊಂದರೆ ಇತ್ತು. ಒಂದು ವರ್ಷಕ್ಕೆ ಶೇ 56, ಎರಡಕ್ಕೆ ಶೇ 77, ಮೂರಕ್ಕೆ ಶೇ 87ರಷ್ಟು ಮಕ್ಕಳು ಗುಣವಾದರು. ಆಮೇಲೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಬಂದ, ಹೆಚ್ಚು ತೀವ್ರ ಅಲರ್ಜಿಯಿದ್ದ ಮಕ್ಕಳ ಲೆಕ್ಕ 2007ರಲ್ಲಿ ಹೊರಬಂತು. ಅಲ್ಲಿ ನಾಲ್ಕು ವರ್ಷದ ಹೊತ್ತಿಗೆ ಗುಣವಾದವರು ಶೇ 19 ಮಾತ್ರ; ಶೇ 79ಕ್ಕೆ ಮುಟ್ಟಲು ಹದಿನಾರು ವರ್ಷ ಬೇಕಾಯಿತು. ಮಗು ಯಾವ ಗುಂಪಿನದು ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಈ ಕಾಯುವಿಕೆಯನ್ನು ಊಟದಿಂದಲೇ ಕಡಿಮೆ ಮಾಡಬಹುದೇ ಎಂಬ ಪ್ರಶ್ನೆ ಮತ್ತೆ ಎದ್ದದ್ದು ಇಲ್ಲಿಂದ.

ಪ್ರಶ್ನೆ ಹೊಸದಲ್ಲ. 1908ರಲ್ಲಿ ಇಂಗ್ಲೆಂಡಿನ ವೈದ್ಯ ಆಲ್ಫ್ರೆಡ್ ಸ್ಕೋಫೀಲ್ಡ್, ಮೊಟ್ಟೆ ಮುಟ್ಟಿದರೆ ಸಾಯುವಂತಾಗುತ್ತಿದ್ದ ಹುಡುಗನೊಬ್ಬನಿಗೆ ಮೊಟ್ಟೆಯ ಅತಿಸಣ್ಣ ಪಾಲನ್ನು ಗುಳಿಗೆಯಲ್ಲಿಟ್ಟು ಕೊಡುತ್ತ, ಪ್ರಮಾಣವನ್ನು ಮೆಲ್ಲಗೆ ಏರಿಸುತ್ತ, ತಿಂಗಳುಗಳ ಮೇಲೆ ಮೊಟ್ಟೆ ತಿನ್ನುವಂತೆ ಮಾಡಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ. ‘ಅಲರ್ಜಿ’ ಎಂಬ ಹೆಸರು ಹುಟ್ಟಿ ಆಗ ಎರಡೇ ವರ್ಷವಾಗಿತ್ತು. ಆದರೂ ಮುಂದಿನ ನೂರು ವರ್ಷ ವೈದ್ಯಕೀಯ ಹಿಡಿದದ್ದು ಬಿಡಿಸುವ ದಾರಿಯನ್ನೇ. ಅಲರ್ಜಿಯ ಅಪಾಯವಿದ್ದ ಶಿಶುಗಳಿಗೆ ಒಂದು ವರ್ಷದವರೆಗೆ ಆಕಳ ಹಾಲು, ಎರಡರವರೆಗೆ ಮೊಟ್ಟೆ, ಮೂರರವರೆಗೆ ಶೇಂಗಾ ಬೇಡ ಎಂದು ಅಮೆರಿಕದ ಮಕ್ಕಳ ತಜ್ಞರ ಸಂಘ 2000ದಲ್ಲಿ ಹೇಳಿತು. ತಡಮಾಡಿದರೆ ಲಾಭವಿದೆ ಎನ್ನಲು ಆಧಾರವಿಲ್ಲವೆಂದು 2008ರಲ್ಲಿ ಆ ಮಾತನ್ನು ಕೈಬಿಟ್ಟಿತು.

ಅದೇ 2008ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯಿಂದ ಒಂದು ಸರಳ ಪ್ರಯೋಗದ ಫಲ ಹೊರಬಂತು. ಅನ್ನಾ ನೊವಾಕ್-ವೆಗ್ಝಿನ್ ಮತ್ತು ಸಂಗಡಿಗರು ಹಾಲಿನ ಅಲರ್ಜಿಯ ನೂರು ಮಕ್ಕಳನ್ನು ಆಸ್ಪತ್ರೆಯಲ್ಲೇ ಕೂರಿಸಿಕೊಂಡು, ಹಾಲು ಬೆರೆಸಿ ಸುಟ್ಟ ಮಫಿನ್ ಎಂಬ ಪುಟ್ಟ ಕೇಕು ತಿನ್ನಿಸಿದರು. 180 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅರ್ಧ ತಾಸು ಒಲೆಯಲ್ಲಿಟ್ಟ ಕೇಕು ಅದು. ನೂರರಲ್ಲಿ 68 ಮಕ್ಕಳು ಏನೂ ಆಗದೆ ತಿಂದರು. ಅವರಿಗೆ ಬರಿ ಹಾಲು ಮಾತ್ರ ಆಗುತ್ತಿರಲಿಲ್ಲ. 23 ಮಕ್ಕಳಿಗೆ ಕೇಕೂ ಆಗಲಿಲ್ಲ. ಉಳಿದ ಒಂಬತ್ತು ಮಕ್ಕಳ ಅಲರ್ಜಿ ಆಗಲೇ ಹೋಗಿತ್ತು.

ಹಿಟ್ಟಿನೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ನಮ್ಮ ಅಡುಗೆಮನೆಯ ವಿಚಾರವೂ ಇದರಲ್ಲೇ ಇದೆ. ಆಕಳ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ 80 ಕೇಸೀನ್, ಉಳಿದದ್ದು ಹಾಲು ಒಡೆದಾಗ ತಿಳಿನೀರಿನಲ್ಲಿ ಉಳಿಯುವ ವೇ ಪ್ರೋಟೀನುಗಳು. ವೇ ಪ್ರೋಟೀನು ಬಿಸಿಗೆ ತನ್ನ ಮಡಿಕೆ ಬಿಚ್ಚಿಕೊಳ್ಳುತ್ತದೆ. ಮಗುವಿನ ರಕ್ತದಲ್ಲಿ ಅಲರ್ಜಿ ಎಬ್ಬಿಸುವ ಐಜಿಇ ಪ್ರತಿಕಾಯಗಳು ಆ ಮಡಿಕೆಯನ್ನು ಕಂಡೇ ಕೆರಳುತ್ತಿದ್ದರೆ, ಬಿಚ್ಚಿದ ಪ್ರೋಟೀನಿನ ಗುರುತು ಅವುಗಳಿಗೆ ಸಿಗುವುದಿಲ್ಲ. ಕೇಸೀನ್ ಬಿಸಿಗೆ ಸುಲಭಕ್ಕೆ ಬಗ್ಗದು. ಕೇಸೀನಿಗೇ ಕೆರಳುವ ಮಕ್ಕಳ ಅಲರ್ಜಿ ಹೆಚ್ಚು ವರ್ಷ ಉಳಿಯುತ್ತದೆ. ಇದರ ಜೊತೆಗೆ ಗೋಧಿಹಿಟ್ಟಿನ ಜಿಗುಟು ಹಾಲಿನ ಪ್ರೋಟೀನನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಬರಿ ಹಾಲನ್ನು ಎಷ್ಟೇ ಕುದಿಸಿದರೂ ಅದು ಹಿಟ್ಟಿನಲ್ಲಿ ಸುಟ್ಟ ಹಾಲಿಗೆ ಸಮವಾಗುವುದಿಲ್ಲ.

ಕೇಕು ಒಗ್ಗಿದ ಮಕ್ಕಳಿಗೆ ಅದನ್ನು ನಿತ್ಯ ತಿನ್ನಿಸುತ್ತ ಹೋದರೆ? ಅದೇ ತಂಡ 2011ರಲ್ಲಿ ಮುಂದಿನ ಫಲವನ್ನು ಹೇಳಿತು: ಹೀಗೆ ತಿನ್ನುತ್ತ ಬಂದವರು, ಹಾಲನ್ನು ಪೂರ್ತಿ ಬಿಟ್ಟಿದ್ದವರಿಗಿಂತ ಬರಿ ಹಾಲು ಕುಡಿಯುವ ಹಂತಕ್ಕೆ ಬರುವ ಸಾಧ್ಯತೆ ಹದಿನಾರು ಪಟ್ಟು. ಅವರ ರಕ್ತದಲ್ಲಿ, ಅಲರ್ಜಿಯನ್ನು ತಣಿಸುವ ಐಜಿಜಿ4 ಪ್ರತಿಕಾಯಗಳು ಏರಿದ್ದವು. ಚೀಟಿ ಎತ್ತಿ ಎರಡು ಗುಂಪು ಮಾಡಿದ ಪ್ರಯೋಗ ಇದಲ್ಲ, ಹಾಗಾಗಿ ಗುಣವಾಗುವ ಮಕ್ಕಳೇ ಒಂದು ಕಡೆ ಸೇರಿರಬಹುದೆಂಬ ಆಕ್ಷೇಪ ಇವತ್ತಿಗೂ ಇದೆ, ಆ ಆಕ್ಷೇಪ ನ್ಯಾಯವಾದದ್ದೇ. ಹದಿನಾರು ಪಟ್ಟು ಎಂಬ ಅಂಕಿಯನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಸುಟ್ಟ ಹಾಲನ್ನು ತಡೆದುಕೊಳ್ಳುವ ಮಗುವಿಗೆ ಅದನ್ನು ವಿನಾಕಾರಣ ಬಿಡಿಸಿಡಬಾರದು ಎಂಬಷ್ಟು ಮಾತ್ರ ಗಟ್ಟಿಯಾಯಿತು.

ಈ ತಿಳಿವಳಿಕೆಯನ್ನು ಮನೆಯ ತಟ್ಟೆಗೆ ತಂದವರು ಬ್ರಿಟನ್ನಿನ ವೈದ್ಯರು ಮತ್ತು ಆಹಾರತಜ್ಞರು. ಕರೀನಾ ವೆಂಟರ್ ಮುಂದಾಳತ್ವದಲ್ಲಿ 2013ರಲ್ಲಿ ‘ಹಾಲಿನ ಏಣಿ’ ಬಂತು, ಹನ್ನೆರಡು ಮೆಟ್ಟಿಲಿನದು. 2017ರಲ್ಲಿ ಬೇರೆ ದೇಶದವರೂ ಸೇರಿ ಅದನ್ನು ಆರಕ್ಕೆ ಇಳಿಸಿದರು: ಬಿಸ್ಕಿಟ್, ಮಫಿನ್, ಪ್ಯಾನ್‌ಕೇಕ್, ಚೀಸ್, ಮೊಸರು, ಕಡೆಗೆ ಹಾಲು. ಒಂದು ಮೆಟ್ಟಿಲು ಒಗ್ಗಿತೆಂದು ಖಾತ್ರಿಯಾದ ಮೇಲೆ ಇನ್ನೊಂದು. ತೊಂದರೆ ಕಂಡರೆ ಒಂದು ಮೆಟ್ಟಿಲು ಇಳಿದು ಅಲ್ಲೇ ನಿಲ್ಲುವುದು. ಮಗುವಿಗೆ ಜ್ವರ, ಭೇದಿ ಇದ್ದ ದಿನ ಹೊಸ ಮೆಟ್ಟಿಲು ಬೇಡ.

ಈ ಏಣಿಯನ್ನು ಬರೆದದ್ದು ಮುಖ್ಯವಾಗಿ ನಿಧಾನ ಬಗೆಯ ಅಲರ್ಜಿಗೆ. ಹಾಲು ಕುಡಿದ ತಾಸುಗಳ, ದಿನಗಳ ಮೇಲೆ ವಾಂತಿ, ಭೇದಿ, ಮಲದಲ್ಲಿ ರಕ್ತ ಕಾಣುವಂಥದಕ್ಕೆ. ಹಾಲು ಬಾಯಿಗೆ ಬಿದ್ದ ನಿಮಿಷಗಳಲ್ಲೇ ತುಟಿ ಬಾತು, ಉಸಿರು ಕಟ್ಟುವ ಮಗುವಿಗೆ ಮನೆಯಲ್ಲಿ ಏಣಿ ಹಾಕಬಾರದು. ಆ ಮಗು ಮೊದಲ ಚೂರನ್ನು ಅಡ್ರಿನಾಲಿನ್ ಚುಚ್ಚುಮದ್ದು ಕೈಗೆಟುಕುವ ಆಸ್ಪತ್ರೆಯಲ್ಲೇ ತಿನ್ನಬೇಕು. ರಾಮದುರ್ಗದಿಂದ ಬೆಳಗಾವಿ ನೂರು ಕಿಲೊಮೀಟರಿನ ಆಸುಪಾಸು. ಆ ದೂರ ನೆನೆದರೆ ಈ ಎಚ್ಚರಿಕೆಯನ್ನು ಎರಡು ಸಲ ಹೇಳಬೇಕೆನಿಸುತ್ತದೆ.

ಈಗ ನಮ್ಮ ಒಲೆಯ ಮಾತು. ಕಿತ್ತೂರಿನ ಮನೆಯಲ್ಲಿ ಮಫಿನ್ ಸುಡುವ ಓವನ್ ಎಲ್ಲಿದೆ? ಹಾಲು ಬೆರೆತ ಸುಟ್ಟ ತಿನಿಸು ಎಂದರೆ ನಮ್ಮವರಿಗೆ ತಟ್ಟನೆ ನೆನಪಾಗುವುದು ದಶಮಿ. ಜೋಳದ ಹಿಟ್ಟನ್ನು ಬಿಸಿ ಹಾಲಿನಲ್ಲಿ ನಾದಿ, ಬಡಿದು, ಹಂಚಿಗೆ ಹಾಕಿ, ಎರಡೂ ಮಗ್ಗುಲು ಬೇಯಿಸಿ, ಯಲ್ಲಮ್ಮನ ಗುಡ್ಡಕ್ಕೆ ಹೊರಟವರ ಬುತ್ತಿಗೆ ಕಟ್ಟುವ ರೊಟ್ಟಿ. ಇದೇ ನಮ್ಮ ಮೊದಲ ಮೆಟ್ಟಿಲಾಗಲಿ ಎಂದು ಆಸೆಪಡುವುದು ಸುಲಭ, ಆದರೆ ಆಗದು. ಹಂಚಿನ ಮೇಲೆ ಅದು ಇರುವುದು ಕೆಲವೇ ನಿಮಿಷ, ಅರ್ಧ ತಾಸಲ್ಲ. ಜೋಳದಲ್ಲಿ ಗೋಧಿಯ ಜಿಗುಟೂ ಇಲ್ಲ. ಹಿಟ್ಟನ್ನು ಪೂರ್ತಿ ಹಾಲಿನಲ್ಲೇ ನಾದಿದರೆ ಒಂದು ರೊಟ್ಟಿಯಲ್ಲಿ ಬಿಸ್ಕಿಟಿನ ಚೂರಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹಾಲು ಸೇರುತ್ತದೆ. ದಶಮಿಯ ಜಾಗ ಏಣಿಯ ನಡುವೆ, ಪ್ಯಾನ್‌ಕೇಕಿನ ಅಕ್ಕಪಕ್ಕ ಅಥವಾ ಇನ್ನೂ ಮೇಲೆ. ಬೆಳಗಾವಿಯ ಕುಂದಾ ತಾಸುಗಟ್ಟಲೆ ಕುದ್ದರೂ ಅದರಲ್ಲಿ ಹಿಟ್ಟಿಲ್ಲ, ಹಾಲೇ ಇಂಗಿ ಗಟ್ಟಿಯಾದದ್ದು. ಅದು ತೀರಾ ಕಡೆಗೆ. ತುಪ್ಪ ಬಹುಪಾಲು ಕೊಬ್ಬೇ ಆದರೂ ಪ್ರೋಟೀನಿನ ಕುರುಹು ಉಳಿದಿರುತ್ತದೆ, ತೀವ್ರ ಅಲರ್ಜಿಯವರಿಗೆ ಅದೂ ಬೇಡ. ಪೇಟೆಯ ಬೇಕರಿ ಬಿಸ್ಕಿಟಿನಲ್ಲಿ ಹಾಲು ಎಷ್ಟೆಂದು ಲೆಕ್ಕ ಸಿಗದು. ಪೊಟ್ಟಣದ್ದಾದರೆ ಹಾಲು ಇದ್ದರೆ ಅಚ್ಚುಹಾಕಲೇಬೇಕೆಂದು 2020ರ ಆಹಾರ ಲೇಬಲ್ ನಿಯಮ ಹೇಳುತ್ತದೆ. ದಶಮಿ, ಗೋಧಿ ದೋಸೆ, ಮಜ್ಜಿಗೆ, ಗಿಣ್ಣ ಇವನ್ನೆಲ್ಲ ತೂಗಿ ಅಳೆದು ನಮ್ಮ ಕಡೆಯ ಏಣಿಯೊಂದನ್ನು ವೈದ್ಯರೂ ಆಹಾರತಜ್ಞರೂ ಕಟ್ಟಿಕೊಡಬೇಕು. ಪರದೇಶದ ಪಟ್ಟಿಯ ಹೆಸರುಗಳನ್ನು ಕನ್ನಡದಲ್ಲಿ ಬರೆದರೆ ಅದು ಈ ಕೆಲಸವಾಗುವುದಿಲ್ಲ.

ಅದಕ್ಕೂ ಮುಂಚೆ ರೋಗ ಇದೆಯೇ ಎಂದು ತಿಳಿಯಬೇಕು. ಯುರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಅಂಗವಾಗಿ ಮೈಸೂರಿನ ಪಿ.ಎ. ಮಹೇಶ್ ಮತ್ತು ಸಂಗಡಿಗರು ಕರ್ನಾಟಕದ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕ ಇದು: ರಕ್ತದಲ್ಲಿ ಯಾವುದೋ ಆಹಾರಕ್ಕೆ ಪ್ರತಿಕಾಯ ಇದ್ದವರು ಶೇ 26.5, ನಿಜವಾದ ಅಲರ್ಜಿ ಇರಬಹುದಾದವರು ಶೇ 1.2. ಬರಿ ರಕ್ತದ ವರದಿ ಹಿಡಿದು ಹಾಲು ಬಿಡಿಸುವವರು ಈ ಎರಡು ಅಂಕಿಗಳನ್ನು ಎದುರಿಗಿಟ್ಟುಕೊಳ್ಳಬೇಕು. ಬ್ರಿಟನ್ನಿನಲ್ಲಿ 2006ರಿಂದ ಹತ್ತು ವರ್ಷದಲ್ಲಿ ಅಲರ್ಜಿ ಮಕ್ಕಳ ವಿಶೇಷ ಹಾಲುಪುಡಿಗೆ ವೈದ್ಯರು ಬರೆದ ಚೀಟಿಗಳು ಸುಮಾರು ಶೇ 500 ಹೆಚ್ಚಿದವು. ಇದರಲ್ಲಿ ಪುಡಿ ಕಂಪನಿಗಳ ಪ್ರಭಾವವೆಷ್ಟು ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್ 2018ರಲ್ಲಿ ನೇರವಾಗಿಯೇ ಕೇಳಿತು. ನಿಧಾನ ಬಗೆಯ ಅಲರ್ಜಿಯ ಗುಮಾನಿ ಇದ್ದರೆ ಎರಡರಿಂದ ನಾಲ್ಕು ವಾರ ಹಾಲು ಬಿಡಿಸಿ, ಮತ್ತೆ ಕೊಟ್ಟು ನೋಡಿದಾಗ ಲಕ್ಷಣ ಮರುಕಳಿಸಿದರೆ ಮಾತ್ರ ಅದು ಅಲರ್ಜಿ. ಎದೆಹಾಲು ನಿಲ್ಲಿಸುವ ಕಾರಣವೇ ಇಲ್ಲ. ಬೇಕಾದರೆ ತಾಯಿ ತನ್ನ ಊಟದಲ್ಲಿ ಹಾಲು ಬಿಡಬೇಕು. ಖಚಿತವಾದ ಮೇಲೆ ಕನಿಷ್ಠ ಆರು ತಿಂಗಳು, ಅಥವಾ ಕೂಸಿಗೆ ಒಂಬತ್ತರಿಂದ ಹನ್ನೆರಡು ತಿಂಗಳು ತುಂಬುವವರೆಗೆ ಬಿಡಿಸಿ, ಆಮೇಲೆ ಏಣಿಯ ಮಾತು. ಆ ನಡುವೆ ಸುಣ್ಣದಂಶಕ್ಕೆ ರಾಗಿ ಇದೆ. ನೂರು ಗ್ರಾಂನಲ್ಲಿ 300 ಮಿಲಿಗ್ರಾಂ ಮೀರಿ.

ಶಾಲೆಗೆ ಹೋಗುವ ಹೊತ್ತಿಗೂ ಅಲರ್ಜಿ ಉಳಿದ ಮಗುವಿನದು ಬೇರೆ ಪಾಡು. 2013ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರದ ಕ್ಷೀರಭಾಗ್ಯದಲ್ಲಿ ಶಾಲೆಯ ಮಗುವೊಂದಕ್ಕೆ 150 ಮಿಲಿಲೀಟರ್ ಹಾಲು ಬರುತ್ತದೆ. ಲಕ್ಷಾಂತರ ಮಕ್ಕಳ ಹೊಟ್ಟೆಗೆ ಒಳ್ಳೆಯದು ಮಾಡಿದ ಯೋಜನೆ ಅದು. ಆದರೆ ಏಣಿಯ ಎರಡನೇ ಮೆಟ್ಟಿಲಲ್ಲಿರುವ ಹುಡುಗಿಗೆ ಆ ಲೋಟ ಆರನೆಯ ಮೆಟ್ಟಿಲು, ರಾಗಿ ಮಾಲ್ಟ್ ಬೆರೆಸಿದರೂ ಅಷ್ಟೇ. ಅವಳ ತಾಯಿ ಶಾಲೆ ಶುರುವಾದ ದಿನವೇ ಗುರುಗಳಿಗೂ ಅಡುಗೆಯವರಿಗೂ ಮೂರು ಸಂಗತಿ ಬರೆದುಕೊಡಬೇಕು: ಈಗ ಏನು ತಿನ್ನಬಹುದು, ಏನು ಮುಟ್ಟಬಾರದು, ಮುಟ್ಟಿದರೆ ಯಾವ ದವಾಖಾನೆಗೆ ಓಡಬೇಕು. ಮೆಟ್ಟಿಲು ಏರಿದಂತೆಲ್ಲ ಆ ಚೀಟಿಯನ್ನು ಬದಲಿಸಿ ಕೊಡಬೇಕು.