ಮೌರ್ಯರ ಬಿಲ್ಲುಗಾರನಿಗೆ ಮೂರು ಮೊಳದ ಬಾಣ

ಮಕ್ಕಳೇ, ನಿಮ್ಮಲ್ಲಿ ಕೆಲವರು ಕಂಪ್ಯೂಟರಿನಲ್ಲಿ ಯುದ್ಧದ ಆಟ ಆಡ್ತೀರಿ ಅಂತ ಗೊತ್ತು. ಬೈಯೋಕೆ ಬರೆಯುತ್ತಿಲ್ಲ, ಹೆದರಬೇಡಿ. ಆಟದೊಳಗಿನ ಸೈನಿಕನನ್ನು ಎಂದಾದರೂ ಬಿಚ್ಚಿ ನೋಡಿದ್ದೀರಾ?

‘ಝೀರೋ ಎ.ಡಿ.’ ಎಂಬ ಆಟಕ್ಕೆ ಹಣ ಕೊಡಬೇಕಿಲ್ಲ. 2009ರಿಂದ ಅದರ ಮೂಲ ಕಡತಗಳೂ ಎಲ್ಲರಿಗೂ ತೆರೆದಿವೆ. ಗ್ರೀಕರು, ರೋಮನ್ನರ ಜೊತೆ ಅದರಲ್ಲಿ ಮೌರ್ಯರೂ ಇದ್ದಾರೆ. ಚಂದ್ರಗುಪ್ತ, ಚಾಣಕ್ಯ, ಅಶೋಕ ನಾಯಕರಾಗಿ ಬರುತ್ತಾರೆ. ಆದೋನಿ ಕಡೆಯ ಮಕ್ಕಳಿಗೆ ಅಶೋಕ ದೂರದವನಲ್ಲ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆ ಅವನ ಶಾಸನಗಳಿವೆ.

ಆಟದ ಸೈನಿಕನ ಮೈ ಅಂದರೆ ಸಣ್ಣ ಸಣ್ಣ ತ್ರಿಕೋನಗಳ ಬಲೆ. ಅದರೊಳಗೆ ಮೂಳೆಗಳ ಗೂಡು. ಮೂಳೆ ತಿರುಗಿದರೆ ಬಲೆಯೂ ತಿರುಗುತ್ತದೆ, ಸೈನಿಕ ನಡೆಯುತ್ತಾನೆ. ಬಲೆಯ ಮೇಲೆ ಬಟ್ಟೆಯಂತೆ ಸುತ್ತಿದ ಒಂದು ಚಿತ್ರ. ಚಿತ್ರ 512×512 ಇದ್ದರೆ 2,62,144 ಚುಕ್ಕಿಗಳಾದವು. ಚುಕ್ಕಿಗೆ ನಾಲ್ಕು ಬೈಟ್: ಕೆಂಪು, ಹಸಿರು, ನೀಲಿಗೆ ಒಂದೊಂದು, ಪಾರದರ್ಶಕತೆಗೆ ಇನ್ನೊಂದು. ಆಟಗಾರನ ಬಣ್ಣ ಎಲ್ಲಿ ಕಾಣಬೇಕು ಅನ್ನೋದನ್ನು ಈ ನಾಲ್ಕನೆಯದೇ ಹೇಳುತ್ತದೆ. ನಿಮ್ಮ ಪಡೆ ನೀಲಿ, ಎದುರಾಳಿಯದು ಕೆಂಪು ಆಗೋದು ಹೀಗೆ.

ಶಿರಸ್ತ್ರಾಣ, ಗುರಾಣಿ, ಬಿಲ್ಲು ಬೇರೆ ಬೇರೆ ಮಾದರಿಗಳು. ಯಾವುದು ಕೈಗೆ, ಯಾವುದು ತಲೆಗೆ ಅಂತ ಒಂದು ಎಕ್ಸ್‌ಎಂಎಲ್ ಕಡತದಲ್ಲಿ ಬರೆದಿರುತ್ತದೆ. ಬದಲಾಯಿಸಲು ಮೂಲವನ್ನು ಮುಟ್ಟಬಾರದು. ‘ಮಾಡ್ಸ್’ ಫೋಲ್ಡರಿನಲ್ಲಿ ನಿಮ್ಮದೇ ಫೋಲ್ಡರ್ ಮಾಡಿ, ಅದೇ ದಾರಿ, ಅದೇ ಹೆಸರಿನಲ್ಲಿ ಹೊಸ ಕಡತ ಇಟ್ಟರೆ ಆಟ ನಿಮ್ಮದನ್ನೇ ಎತ್ತಿಕೊಳ್ಳುತ್ತದೆ. ಮಾದರಿ ತಯಾರಿಸಲು ಬ್ಲೆಂಡರ್ ಸಾಕು, ಅದೂ ಉಚಿತ. ಆದರೆ ಅಲಂಕಾರ ಮಿತಿಯಲ್ಲಿರಲಿ. ಒಂದು ಶಿರಸ್ತ್ರಾಣಕ್ಕೆ 5,000 ತ್ರಿಕೋನ ಸುರಿದರೆ 300 ಸೈನಿಕರಿಗೆ 15 ಲಕ್ಷ. ಸೆಕೆಂಡಿಗೆ 30 ಸಲ ಬಿಡಿಸಬೇಕೆಂದರೆ 4.5 ಕೋಟಿ. ಶಾಲೆಯ ಹಳೇ ಕಂಪ್ಯೂಟರ್ ಅಲ್ಲೇ ಕೂತುಬಿಡುತ್ತದೆ!

ಸರಿ, ಏನು ಬದಲಾಯಿಸೋದು? ಸಿನಿಮಾದಲ್ಲಿ ನೋಡಿದ ಮಿರಿಮಿರಿ ಕವಚ ತೊಡಿಸೋಣ ಅನ್ನಿಸುತ್ತದೆ. ಬೇಡ. ಸುಳ್ಳು ವೇಷ ನೂರು ಸಲ ಕಣ್ಣಿಗೆ ಬಿದ್ದರೆ ಇತಿಹಾಸದ ಪಾಠಕ್ಕಿಂತ ಅದೇ ತಲೆಯಲ್ಲಿ ಉಳಿಯುತ್ತದೆ. ಪುಸ್ತಕದ ಚಿತ್ರಗಳಲ್ಲೇ ಈ ತಪ್ಪು ಬೇಕಾದಷ್ಟಿದೆ. ಸಾಕ್ಷಿ ಹುಡುಕಿ. ಅಲೆಕ್ಸಾಂಡರನ ನೌಕಾಪತಿ ನಿಯಾರ್ಕಸ್ ಹೇಳಿದ್ದನ್ನು ಗ್ರೀಕ್ ಲೇಖಕ ಅರಿಯನ್ ಬರೆದಿಟ್ಟಿದ್ದಾನೆ: ಭಾರತದ ಕಾಲಾಳಿನ ಬಿಲ್ಲು ಅವನಷ್ಟೇ ಎತ್ತರ, ತುದಿಯನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಎಳೆಯುತ್ತಾನೆ, ಬಾಣ ಮೂರು ಮೊಳಕ್ಕೆ ಸ್ವಲ್ಪ ಕಡಿಮೆ, ಗುರಾಣಿ ಹದ ಮಾಡದ ಎತ್ತಿನ ಚರ್ಮದ್ದು, ಮೈಗಿಂತ ಅಗಲ ಕಡಿಮೆ, ಉದ್ದ ಹೆಚ್ಚುಕಡಿಮೆ ಆಳಿನಷ್ಟೇ. ಮೊಳ ಸುಮಾರು 45 ಸೆಂ.ಮೀ., ಅಂದರೆ ಬಾಣ 135 ಸೆಂ.ಮೀ. ಹತ್ತಿರ. ಆದರೆ ನಿಯಾರ್ಕಸ್ ಕಂಡದ್ದು ಸಿಂಧೂ ಕಡೆಯವರನ್ನು, ಅದೂ ಚಂದ್ರಗುಪ್ತ ಪಟ್ಟಕ್ಕೆ ಬರುವ ಮೊದಲು. ಮಗಧದ ಸೈನಿಕನೂ ಹೀಗೇ ಇದ್ದನೆಂದು ಖಂಡಿತ ಹೇಳುವಂತಿಲ್ಲ. ಅದನ್ನು ನಿಮ್ಮ ಮಾಡ್‌ನ ವಿವರಣೆಯಲ್ಲೇ ಬರೆದುಬಿಡಿ.

ಬಿಲ್ಲು ಉದ್ದ ಮಾಡಿದ ಕೂಡಲೇ ಒಂದು ತಕರಾರು ಬರುತ್ತದೆ. ಬಿಲ್ಲು 170 ಸೆಂ.ಮೀ., ನಡುವೆ ಹಿಡಿದರೆ ಕೆಳಗೆ 85. ನಡೆಯುವಾಗ ಇಳಿಬಿಟ್ಟ ಕೈ ನೆಲದಿಂದ 75 ಸೆಂ.ಮೀ. ಎತ್ತರದಲ್ಲಿದ್ದರೆ ಬಿಲ್ಲಿನ ತುದಿ 10 ಸೆಂ.ಮೀ. ನೆಲದೊಳಗೆ! ಕೈಯಲ್ಲಿರುವ ಬಿಲ್ಲನ್ನು ಓರೆ ಮಾಡಬೇಕು. ಎಷ್ಟು ಡಿಗ್ರಿ? ಹತ್ತನೇ ತರಗತಿಯವರು ಕೊಸೈನ್ ಕೋಷ್ಟಕ ತೆಗೆಯಿರಿ. 30 ಡಿಗ್ರಿಗೆ 85 × 0.866, ಸುಮಾರು 73.6. ತುದಿ ನೆಲದಿಂದ ಒಂದೂವರೆ ಸೆಂ.ಮೀ.ಗೆ ಸ್ವಲ್ಪ ಕಡಿಮೆ ಮೇಲೆ ನಿಂತಿತು.